ಬರಿಗೈಯ ಕೂಗು

ಶಿರವಾಳ
19-1-2025

ಕಲ್ಪನಾ,

ಚಿರಂಜೀವಿ ಎಂದು ಬರೆಯುವುದು ವಾಡಿಕೆ. ಈ ಸಲ ಅದನ್ನು ತಡೆಹಿಡಿದಿದ್ದೇನೆ. ಆಶೀರ್ವಾದವನ್ನೂ ಹಿಡಿದಿದ್ದೇನೆ. ಈ ಕಾಗದ ಓದಿದ ಮೇಲೆ ನೀನು ಹೇಗೆ ನಡೆದುಕೊಳ್ಳುತ್ತಿ ಎಂಬುದನ್ನು ನೋಡಿ ಬಿಡುಗಡೆ ಮಾಡುವುದೋ ಬಿಡುವುದೋ ವಿಚಾರ ಮಾಡುತ್ತೇನೆ.

ಫೋನ್ ಮಾಡಬಾರದೇ ಕಾಕಾ ಎಂದು ಕೇಳಬೇಡ. ಇನ್ನು ಮೇಲೆ ನಿನ್ನ ಫೋನಿನೊಳಗೆ ನನ್ನ ಒಂದು ಕೆಮ್ಮು ಕೂಡ ಬೀಳುವುದಿಲ್ಲ. ಬಿದ್ದರೆ ಅದನ್ನೂ ಹಿಡಿದು ಸಿನಿಮಾದಲ್ಲಿ ಹಾಕುವವಳು ನೀನು. ಕಾಗದ ಬರೆಯಲು ನನಗೆ ಬರುತ್ತದೆ. ಇದೇ ಊರಿನ ಶಾಲೆಯಲ್ಲಿ ಏಳನೇ ಈಯತ್ತೆ ಮುಗಿಸಿದವನು. ಆಗಿನ ಏಳನೇ ಈಯತ್ತೆ ಈಗಿನ ಬಿ.ಎ.ಗೆ ಸಮ. ನನ್ನ ಅಕ್ಷರ ನೋಡಿ ಆಗಿನ ಮಾಸ್ತರರು, "ಹಣಮಂತ್ರಾಯ, ನೀ ತಹಶೀಲ್ದಾರ ಆಗಾಂವ ನೋಡಲೇ" ಅಂದಿದ್ದರು. ಕುರಿಗಳ ಪುಣ್ಯ, ಆಗಲಿಲ್ಲ.

ನಿನ್ನೆ ಸಂಜೆ ನಿನ್ನ ಸಿನಿಮಾ ನೋಡಿದೆವು. ಬುದ್ಧಪ್ರಿಯ ಮಾಸ್ತರರು ಶಾಲೆಯ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿಸಿದ್ದರು. ನಮ್ಮೂರ ಮಗಳು ಹೈದರಾಬಾದಿನಲ್ಲಿ ಕೂತು ನಾಲ್ಕು ವರ್ಷ ಚಿತ್ರ ಬರೆದು, ಬರೆದ ಚಿತ್ರಗಳನ್ನು ನಡೆಸಿ ಕುಣಿಸಿ ಮಾಡಿದ ಸಿನಿಮಾ 'ಕಂಬಳಿ ಹೊದ್ದ ಬೆಟ್ಟ' ದಿಲ್ಲಿಯಲ್ಲಿ ಪ್ರಶಸ್ತಿ ಗೆದ್ದು ಬಂದಿದೆ ಎಂದು ಮೈಕಿನಲ್ಲಿ ಸಾರಿದರು. ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ. ತಲೆಗೆ ಹೊಸ ಪಟಕಾ ಸುತ್ತಿದ್ದೆ. ಆ ಪಟಕಾ ನೋಡಿದವರು ಪ್ರಶಸ್ತಿ ಬಂದದ್ದು ನನಗೇ ಅಂದುಕೊಂಡರೆ ತಪ್ಪು ನನ್ನದಲ್ಲ.

ಬಟ್ಟೆಯ ಮೇಲೆ ಮೊದಲು ಒಂದು ಮೂಗು ಬಂತು. ಸ್ವಲ್ಪ ಹೊತ್ತಾದ ಮೇಲೆ ಮೂಗಿನ ಹಿಂದೆ ನಾನು ಬಂದೆ.

"ನಮ್ಮ ಹಣಮಂತ್ರಾಯ ಕಾಕಾನ ಮೂಗs ಅದ ನೋಡ್ರಿ, ಅಳತಿ ಎಲ್ಲೂ ತಪ್ಪಿಲ್ಲ!" ಎಂದು ಟಂಟಂ ಓಡಿಸುವ ಮೌನೇಶ ಕೂಗಿದ. ಊರೆಲ್ಲ ನಕ್ಕಿತು. ಮೂಗಿನ ಬಗ್ಗೆ ನನ್ನ ತಕರಾರಿಲ್ಲ. ಸುರಪುರದ ಸಂತೆಯಲ್ಲಿ ನನ್ನನ್ನು ಮೂಗಿನಿಂದಲೇ ಗುರುತು ಹಿಡಿಯುತ್ತಾರೆ. ತಕರಾರು ಕುರಿಗಳದು. ನಮ್ಮವು ಕೆಂಗುರಿ. ಮೈಮೇಲೆ ಗಿಡ್ಡ ಕೂದಲು, ಕೆಂಪು ಬಣ್ಣ. ನೀನು ಅವಕ್ಕೆ ಅರಳೆ ತುಂಬಿದ ಗಾದಿಯಂತೆ ಉಣ್ಣೆ ಬರೆದಿದ್ದಿ. ಅದೂ ಹೋಗಲಿ, ಸಿನಿಮಾ ಪೂರ್ತಿ ಅಷ್ಟು ಕುರಿ ಓಡಾಡುತ್ತವೆ, ಒಂದಾದರೂ ಹಿಕ್ಕಿ ಹಾಕುವುದಿಲ್ಲ. "ಹೊಟ್ಟಿ ಕಟ್ಟ್ಯಾದ ಪಾಪ, ಯಾರರೆ ಔಷಧ ಹಾಕ್ರಿ" ಎಂದು ನಿನ್ನ ಕಾಕು ಮಲಕಮ್ಮ ಕಡೆತನಕ ಅದನ್ನೇ ಚಿಂತೆ ಮಾಡಿದಳು.

ಕಡೆಗೆ ನನ್ನನ್ನು ಸಾಯಿಸಿದಿ. ಮುದುಕ ಕಂಬಳಿ ಹೊದ್ದು ಮಲಗುತ್ತಾನೆ, ಮಲಗಿದವನು ಶಹಾಪುರದ ಬೆಟ್ಟ ಆಗುತ್ತಾನೆ, ಮಂದಿ ಮಲಗಿದ ಬುದ್ಧ ಅನ್ನುವ ಅದೇ ಬೆಟ್ಟ. ಬುದ್ಧಪ್ರಿಯ ಮಾಸ್ತರರು ನನ್ನ ಕಿವಿಯಲ್ಲಿ, "ಕಾಕಾ, ಅಲ್ಲಿ ಮಲಗಿದ್ದ ನಮ್ಮ ಬುದ್ಧನ್ನ ಎಬ್ಬಿಸಿ ನೀವು ಮಲಕೊಂಡೀರಲ್ರಿ!" ಅಂದರು. ಬದುಕಿರುವವನನ್ನು ಸಾಯಿಸಿದ್ದಕ್ಕೂ ಮಾಫಿ ಇದೆ. ಅದರ ಮುಂದೆ ಆದದ್ದಕ್ಕೆ ಇಲ್ಲ.

ಮುದುಕ ಸತ್ತ ಮೇಲೆ ಸಿನಿಮಾದಲ್ಲಿ ಅವನ ಜೊತೆಗಿದ್ದ ಹುಡುಗಿ ಬಂಡೆ ಹತ್ತಿ ಬಾಯಿ ತೆರೆಯುತ್ತಾಳೆ. ಅವಳ ಬಾಯಿಂದ ಬಂದದ್ದು ನನ್ನ ಕೂಗು. ನಾನು ಕುರಿ ಕರೆಯುವ ಕೂಗು. ಇಷ್ಟು ಎತ್ತರದ ಸ್ಪೀಕರಿನಲ್ಲಿ! ಶಾಲೆಯ ಹಿಂದಿನ ಹೊಲದಲ್ಲಿ ಬಲೆ ಕಟ್ಟಿ ಕುರಿ ನಿಲ್ಲಿಸಿದ್ದೆ. ಮುಂದಾಳು ಕೆಂಚಿ ಬಲೆ ಕಿತ್ತಿತು. ಅದರ ಹಿಂದೆ ಇಡೀ ಹಿಂಡು. ಕೂತ ಹೆಣ್ಣುಮಕ್ಕಳನ್ನು ಹಾಯ್ದು, ಮೈಕು ಕೆಡವಿ, ನಿನ್ನ ಬಟ್ಟೆಯನ್ನು ನಡುವೆ ಸೀಳಿಕೊಂಡು ಆ ಕಡೆ ಹೊರಬಿದ್ದವು. ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನ್ನ ಮೀಸೆಯೂ ಮೇಲಾಯಿತು. ಬಟ್ಟೆಯೊಳಗಿಂದ ಕರೆದರೂ ಬರುವ ಕುರಿ ಯಾದಗಿರಿ ಜಿಲ್ಲೆಯಲ್ಲಿ ಇನ್ನು ಯಾರ ಹತ್ತಿರ ಇವೆ?

ಆಮೇಲೆ ಕೆಂಚಿ ನನ್ನನ್ನು ಹುಡುಕಿ ಬಂದು ಅಂಗೈಗೆ ಮೂತಿ ಇಟ್ಟಿತು. ಅಂಗೈಯಲ್ಲಿ ಏನೂ ಇರಲಿಲ್ಲ.

ನೀನು ಈ ಮನೆಯಲ್ಲಿ ಬೆಳೆದವಳು. ಬರಿಗೈಯಲ್ಲಿ ಕೂಗಬಾರದು ಎಂಬುದನ್ನು ನಿನಗೆ ನಾನು ಹೇಳಿಕೊಡಬೇಕೇ? ಕೂಗಿದ ಮೇಲೆ ಹಿಡಿ ಜೋಳವೋ, ಕಲ್ಲುಪ್ಪೋ, ನಾಲ್ಕು ಜಾಲಿಕಾಯಿಯೋ ಬಾಯಿಗೆ ಬೀಳಬೇಕು. ನಮ್ಮ ಅಜ್ಜ ತೋಳ ಬಂದಾಗಲೂ ಬರಿಗೈ ಇದ್ದದ್ದಕ್ಕೆ ಕೂಗದೆ ಓಡಿ ಹೋಗಿ ಹಿಂಡು ತಿರುಗಿಸಿದವನು. ಸುಳ್ಳು ಕೂಗಿಗೆ ಕುರಿ ಕೆಡುತ್ತವೆ. ಒಮ್ಮೆ ಕೆಟ್ಟರೆ ಕೆಟ್ಟವೇ.

ಆ ಕೂಗು ತೆಗೆದು ಹಾಕು. ಮೂಗು ಇಟ್ಟುಕೋ.

ಹಣಮಂತ್ರಾಯ

*

ಹೈದರಾಬಾದ್
2-2-2025

ಕಾಕಾ,

ಪ್ರಶಸ್ತಿ ಬಂದು ತಿಂಗಳಾಯಿತು. ನಿನ್ನಿಂದ ಬಂದ ಮೊದಲ ಮಾತು ಹಿಕ್ಕಿಯದು.

ಉಣ್ಣೆಯ ಬಗ್ಗೆ ನನಗೂ ಸಿಟ್ಟಿದೆ. ಕೆಂಗುರಿಯನ್ನು ಇದ್ದ ಹಾಗೆ ಬರೆದು ತೋರಿಸಿದರೆ ನಮ್ಮ ಡೈರೆಕ್ಟರು, "ಹೊರಗಿನವರು ಇದನ್ನು ಆಡು ಅಂತಾರೆ" ಎಂದರು. ಉಣ್ಣೆ ಬಂತು. ಆದರೆ ಕೆಂಪು ಬಣ್ಣ ಬಿಡಲಿಲ್ಲ ನಾನು. ಒಂದೊಂದು ಕುರಿಯ ಕಿವಿ ಬೇರೆ ಬೇರೆ ಬರೆದಿದ್ದೇನೆ, ನೋಡಿದೆಯಾ? ನಿನ್ನ ನಡಿಗೆಗೆ ಎಂಟು ತಿಂಗಳು ಹಿಡಿಯಿತು. ಎಡಗಾಲು ಇಡುವ ಮೊದಲು ನೀನು ಕೋಲು ಒಂದು ಸಲ ಸುಮ್ಮನೆ ತಿರುಗಿಸುತ್ತೀಯಲ್ಲ, ಅದು ಬರುವತನಕ ಹರಿದು ಹರಿದು ಬರೆದೆ. ಅದನ್ನು ನೀನು ಕಾಣಲಿಲ್ಲ. ಮೂಗು ಕಂಡಿತು.

ನಿನ್ನ ಸಿಟ್ಟು ಯಾಕೆ ಅಂತ ನನಗೆ ತಿಳಿಯುತ್ತದೆ. ಕಡೆಯಲ್ಲಿ ಎಲ್ಲರ ಹೆಸರು ಬರುವಾಗ ನಿನ್ನದು ಬರಲಿಲ್ಲ. 'ಕೂಗು: ಪರಂಪರೆಯದು' ಎಂದು ಹಾಕಿದರು. ಅದು ತಪ್ಪೇ. ನಿನ್ನ ಹೆಸರು ಹಾಕಿಸುತ್ತೇನೆ. ಜೊತೆಗೆ ಒಂದು ಶಾಲು ಕಳಿಸಿದ್ದೇನೆ, ಪ್ರಶಸ್ತಿಯ ದಿನ ನನಗೆ ಹೊದಿಸಿದ್ದು.

ಕೂಗು ಮಾತ್ರ ತೆಗೆಯಲು ಆಗುವುದಿಲ್ಲ. ಪ್ರಶಸ್ತಿ ಬಂದದ್ದೇ ಅದರಿಂದ. ದಿಲ್ಲಿಯಲ್ಲಿ ಆ ಜಾಗಕ್ಕೆ ಬಂದಾಗ ಒಬ್ಬರೂ ಉಸಿರು ಬಿಡಲಿಲ್ಲ.

ಇನ್ನೊಂದು ಮಾತು, ಅನ್ನದೆ ಬಿಡುವುದಿಲ್ಲ. ಒಂಬತ್ತು ವರ್ಷದವಳಿದ್ದಾಗ ನಿನಗೆ ಕೇಳಿದ್ದೆ, ಕೂಗು ಕಲಿಸು ಎಂದು. "ಹೆಣ್ಮಕ್ಕಳಿಗಿ ಕೊಡಂಗಿಲ್ಲ. ನಾಳಿ ಗಂಡನ ಮನಿಗಿ ಹೋಗ್ತಿ, ನಮ್ಮ ಕೂಗು ಅವರ ಹಿಂಡಿಗಿ ಹೋಗ್ತದ" ಅಂದಿ. ಬಂಡೆಯ ಮೇಲೆ ನನ್ನನ್ನು ಕೂಡಿಸಿ, ನಿನ್ನ ಮಗ ಅಂಬರೀಶನನ್ನು ಕರಕೊಂಡು ಹೋಗಿ ಕಲಿಸಿದಿ. ಅಂಬರೀಶ ಈಗ ಸೈದಾಪುರದಿಂದ ಬಸ್ಸು ಹತ್ತಿ ಕಡೇಚೂರಿನ ಫ್ಯಾಕ್ಟರಿಗೆ ಹೋಗುತ್ತಾನೆ. ಕುರಿ ಕಂಡರೆ ಮೂಗು ಮುಚ್ಚುತ್ತಾನೆ. ಸಿನಿಮಾದ ಹುಡುಗಿ ಹತ್ತಿದ್ದು ಅದೇ ಬಂಡೆ. ನೀನು ಕೊಡಲಿಲ್ಲ, ನಾನು ತೆಗೆದುಕೊಂಡೆ.

ಕುರಿ ಬಟ್ಟೆ ಹರಿದ ವಿಡಿಯೋವನ್ನು ಮೌನೇಶ ಕಳಿಸಿದ್ದ. ಅದನ್ನು ನಮ್ಮ ಕಂಪನಿಯವರು ಹಾಕಿದರು. ಲಕ್ಷಗಟ್ಟಲೆ ಮಂದಿ ನೋಡಿದ್ದಾರೆ. ಕುರಿಗಳೇ ಎದ್ದು ಬಂದು ಕೊಟ್ಟ ಪ್ರಶಸ್ತಿ ಎಂದು ಬರೆಯುತ್ತಿದ್ದಾರೆ. ನಿನಗೆ ಖುಷಿ ಆಗಬೇಕಿತ್ತು.

ಕಲ್ಪನಾ

*

ಶಿರವಾಳ
16-2-2025

ಕಲ್ಪನಾ,

ಶಾಲು ವಾಪಸು ಕಳಿಸಿದ್ದೇನೆ. ಹೊದ್ದು ನೋಡಿದೆ, ಚುಚ್ಚುತ್ತದೆ. ನಿಮ್ಮ ಸಿನಿಮಾದ ಕುರಿಯ ಉಣ್ಣೆ ಇರಬೇಕು.

ಹೆಸರಿಗಾಗಿ ಬರೆದೆ ಅಂದುಕೊಂಡಿಯಾ? ನನ್ನ ಹೆಸರು ಹಾಕಲು ನೀವು ಯಾರು? ವಡಗೇರಾದಿಂದ ಸುರಪುರದತನಕ ಯಾವ ಹೊಲದ ಬದುವಿನ ಮೇಲೆ ನಿಂತು ಹಣಮಂತ್ರಾಯ ಎಂದರೂ ಒಬ್ಬ ತಲೆ ಎತ್ತುತ್ತಾನೆ. ಅವನು ನನಗೆ ಬೈಯಬಹುದು, ಅದು ಬೇರೆ ಮಾತು.

ಲಕ್ಷಗಟ್ಟಲೆ ಮಂದಿ ನೋಡಿದ್ದಾರೆ ಎಂದು ಬರೆದಿ. ಅವರು ನೋಡಿ ಸುಮ್ಮನಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಫೋನ್ ಬಂದರೆ ನನ್ನ ಕೂಗು. ಹೋಟೆಲಿನಲ್ಲಿ ಚಹಾ ಕುಡಿಯುವವನ ಕಿಸೆಯೊಳಗಿಂದ ನನ್ನ ಕೂಗು. ಮೌನೇಶ ತನ್ನ ಟಂಟಂ ಹಾರ್ನಿಗೇ ಅದನ್ನು ಹಾಕಿಸಿದ್ದಾನೆ. ಶಿರವಾಳದಿಂದ ಶಹಾಪುರಕ್ಕೆ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತಾನೋ ಅಷ್ಟು ಸಲ, ಪ್ರತಿ ತಿರುವಿನಲ್ಲೂ ನಾನು ಕೂಗುತ್ತೇನೆ. ನಾನು ಮನೆಯಲ್ಲಿ ರೊಟ್ಟಿ ತಿನ್ನುತ್ತಾ ಕೂತಿರುತ್ತೇನೆ, ನಾನೇ ರಸ್ತೆಯ ಮೇಲೆ ಹೋಗುತ್ತಿರುತ್ತೇನೆ.

ನಿಲ್ಲಿಸಿ ಕೇಳಿದೆ, "ಏನಲೇ ಇದು?"

"ಕಾಕಾ, ನಿಮ್ಮ ಇಜ್ಜತ್ ಹೆಚ್ಚ ಮಾಡಾಕತ್ತೇನ್ರಿ. ಮಂದಿ ಬ್ಯಾರೆ ಗಾಡಿ ಬಿಟ್ಟು ನನ್ನ ಗಾಡಿ ಹತ್ತಾಕತ್ತಾರ."

"ಮಂದಿ ಹತ್ತಲಿ. ಕುರಿ ಹತ್ತಿದ್ರ?"

"ಹತ್ತಲಿ ಬಿಡ್ರಿ, ಅರ್ಧ ಟಿಕೇಟ್ ತಗೋತೇನಿ."

ನನ್ನ ಕುರಿಗಳ ಬಗ್ಗೆ ನೀನು ಚಿಂತೆ ಮಾಡಬೇಡ. ಮಾಡಿಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ. ಅವು ಮೋಸ ಹೋಗುವ ಜಾತಿ ಅಲ್ಲ. ಯಂತ್ರದ ಕೂಗು ಯಾವುದು, ನನ್ನದು ಯಾವುದು ಎಂದು ಕೆಂಚಿಗೆ ಬರೋಬ್ಬರಿ ತಿಳಿಯುತ್ತದೆ. ಒಂದು ಸಲ ಹಾರ್ನ್ ಕೇಳಿ ಕಿವಿ ನಿಮಿರಿಸಿತು, ಆಮೇಲೆ ನನ್ನ ಕಡೆ ನೋಡಿ ನಕ್ಕಿತು. ಕುರಿ ನಗುವುದಿಲ್ಲ ಎಂದು ನಿನ್ನ ಡೈರೆಕ್ಟರು ಹೇಳಿದರೆ ಇಲ್ಲಿಗೆ ಕಳಿಸು.

ಹೆಣ್ಣುಮಕ್ಕಳಿಗೆ ಕೂಗು ಕೊಡುವುದಿಲ್ಲ ಎಂದು ಮಾಡಿದವನು ನಾನಲ್ಲ. ನಮ್ಮ ಹಿರಿಯರು. ಅವರು ಯಾಕೆ ಮಾಡಿದರು ಎಂಬುದು ಈಗ ನನಗೆ ಚೆನ್ನಾಗಿ ತಿಳಿಯಿತು. ಗಂಡನ ಮನೆಯ ಹಿಂಡಿಗೆ ಹೋಗಿದ್ದರೂ ಒಂದು ಹಿಂಡಿಗೆ ಹೋಗುತ್ತಿತ್ತು. ನೀನು ಊರಿಗೆಲ್ಲ ಹಂಚಿದಿ. ಕುರಿ ಕದಿಯುವವನಿಗೆ ಇನ್ನು ಹಗ್ಗ ಬೇಕಿಲ್ಲ, ಫೋನ್ ಸಾಕು.

ಕೂಗು ತೆಗೆ. ಎರಡನೇ ಸಲ ಹೇಳುತ್ತಿದ್ದೇನೆ.

ಹಣಮಂತ್ರಾಯ

*

ಹೈದರಾಬಾದ್
11-3-2025

ಕಾಕಾ,

ಜಗಳಕ್ಕೆ ಪುರುಸೊತ್ತಿಲ್ಲ, ಅದಕ್ಕೆ ಚುಟುಕಾಗಿ ಬರೆಯುತ್ತೇನೆ.

ನಮ್ಮ ಸಿನಿಮಾ ಹೊರದೇಶದ ಒಂದು ದೊಡ್ಡ ಸ್ಪರ್ಧೆಗೆ ಆಯ್ಕೆ ಆಗಿದೆ. ಬರೆದ ಚಿತ್ರಗಳ ಸಿನಿಮಾಗಳಿಗೇ ಇರುವ ಸ್ಪರ್ಧೆ. ಬೇರೆ ಬೇರೆ ದೇಶದಲ್ಲಿ ಪ್ರಶಸ್ತಿ ಗೆದ್ದವುಗಳೇ ಅಲ್ಲಿಗೆ ಬರುತ್ತವೆ. ಅವರ ನಿಯಮದ ಪ್ರಕಾರ ಧ್ವನಿ ಕೊಟ್ಟವರೆಲ್ಲ ಒಪ್ಪಿಗೆ ಬರೆದು ಕೊಡಬೇಕು. ನಿನ್ನದು ಇಲ್ಲದಿದ್ದರೆ ಸಿನಿಮಾ ಹೋಗುವುದಿಲ್ಲ. ನನ್ನ ಜೊತೆ ಕೆಲಸ ಮಾಡಿದ ನಲವತ್ತು ಮಂದಿ ನಿನ್ನ ಸಹಿಗೆ ಕಾಯುತ್ತಿದ್ದಾರೆ.

ನಿನ್ನ ಹೆಸರು ಹಾಕಿಸಿದ್ದೇನೆ. 'ಕೂಗು: ಹಣಮಂತ್ರಾಯ, ಶಿರವಾಳ.' ಒಂದೇ ಸಾಲಿನಲ್ಲಿ, ದೊಡ್ಡ ಅಕ್ಷರದಲ್ಲಿ.

ಜೊತೆಗಿರುವ ಹಾಳೆಯ ಕೆಳಗೆ ಸಹಿ ಮಾಡಿ ಕಳಿಸು. ಮೇ ಮುಗಿಯುವುದರೊಳಗೆ ಮುಟ್ಟಬೇಕು.

ಕಲ್ಪನಾ

*

ಶಿರವಾಳ
20-3-2025

ಕಲ್ಪನಾ,

ಹಾಳೆ ಬಂತು. ಓದಿದೆ. ಬುದ್ಧಪ್ರಿಯ ಮಾಸ್ತರರ ಕೈಯಲ್ಲಿ ಓದಿಸಿದೆ. ಹೋಟೆಲಿನಲ್ಲಿ ನಾಲ್ಕು ಮಂದಿಗೆ ತೋರಿಸಿದೆ. ಫೋನ್ ರಿಪೇರಿ ಮಾಡುವ ಅಮೀನಸಾಬ, "ಹಣಮಂತ್ರಾಯ, ನಿನ್ನ ಸಹಿ ಇಲ್ಲಂದ್ರ ಪರದೇಶದಾಗ ಗಾಡಿ ಓಡಂಗಿಲ್ಲಂತ, ಖರೇನs?" ಎಂದು ಕೇಳಿದ. ಖರೆ ಎಂದೆ. ಆ ದಿನದ ಚಹಾದ ದುಡ್ಡು ನಾನು ಕೊಡಲಿಲ್ಲ.

ನಲವತ್ತು ಮಂದಿ ಕಾಯಲಿ. ಕುರಿ ಕಾಯುವವನಿಗೆ ಕಾಯುವುದು ಏನೆಂದು ಗೊತ್ತು, ಅವರೂ ಸ್ವಲ್ಪ ಕಲಿಯಲಿ. ಹಾಳೆಯ ಮೇಲೆ 'ನನ್ನ ಸ್ವಂತ ಇಚ್ಛೆಯಿಂದ' ಎಂದು ಬರೆದಿದೆ. ಯಾರ ಇಚ್ಛೆ? ಬೆಕ್ಕಿನ ಬಾಲದಂಥ ಮೈಕು ಮುಂದೆ ಹಿಡಿದು, "ನೆನಪಿಗೆ ಇರಲಿ ಕಾಕಾ, ಒಂದು ಸಲ ಕೂಗು" ಅಂದವಳು ಯಾರು? ನೆನಪಿಗೆ ಎಂದು ಇಸಕೊಂಡದ್ದನ್ನು ಸಂತೆಯಲ್ಲಿ ಇಟ್ಟರೆ ಅದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ. ನಿನ್ನ ಅಪ್ಪ ನನ್ನ ಅಣ್ಣ, ಅದಕ್ಕೆ ಬರೆಯುವುದಿಲ್ಲ.

ನನ್ನ ಶರತ್ತು ಒಂದೇ. ಕೂಗು ತೆಗೆ, ಸಹಿ ತಗೋ.

ಇಲ್ಲಿ ಎಲ್ಲ ಚೆನ್ನಾಗಿದೆ. ಕುರಿಗಳು ಆರಾಮ. ಕೆಂಚಿ ಆರಾಮ. ನಾನು ಮೊದಲಿಗಿಂತ ಹೆಚ್ಚು ನಡೆಯುತ್ತಿದ್ದೇನೆ, ಆರೋಗ್ಯಕ್ಕೆ ಒಳ್ಳೆಯದಂತೆ. ನನ್ನ ವಯಸ್ಸಿನವರೆಲ್ಲ ಕಟ್ಟೆ ಹಿಡಿದು ಕೂತಿದ್ದಾರೆ. ನಾನು ಮಾತ್ರ ಹುಡುಗರ ಹಾಗೆ ಹಿಂಡಿನ ಸುತ್ತ ಓಡುತ್ತೇನೆ. ನೋಡಿದವರು ಬೆರಗಾಗುತ್ತಾರೆ.

ಹಣಮಂತ್ರಾಯ
(ಇದು ಕಾಗದದ ಸಹಿ. ಇದನ್ನು ಕತ್ತರಿಸಿ ಹಾಳೆಗೆ ಅಂಟಿಸಬೇಡ. ನಿನ್ನನ್ನು ನಂಬಲಿಕ್ಕಾಗುವುದಿಲ್ಲ.)

*

ಹೈದರಾಬಾದ್
6-4-2025

ಕಾಕಾ,

'ಕೆಂಚಿ ಆರಾಮ' ಎಂದು ಯಾವ ಕೈಯಿಂದ ಬರೆದಿ?

ನಿನ್ನೆ ಕಾಕು ಫೋನ್ ಮಾಡಿದ್ದಳು. ನೀನು ಆ ಕಾಗದ ಬರೆಯುವ ಹದಿನೈದು ದಿನ ಮೊದಲೇ ಕೆಂಚಿ ಸತ್ತಿದೆ. ಮೌನೇಶನ ಹಾರ್ನ್ ಕೇಳಿ ಬದು ಹಾರಿ ರಸ್ತೆಗೆ ಓಡಿತಂತೆ, ಹಿಂದಿನಿಂದ ಬಂದ ಲಾರಿಗೆ ಸಿಕ್ಕಿತಂತೆ. ಮೌನೇಶ ಹಾರ್ನ್ ಕಿತ್ತು ಹಾಕಿ ನಿನ್ನ ಕಾಲು ಹಿಡಿದರೂ ನೀನು ಅವನ ಸಂಗಡ ಮಾತಾಡಿಲ್ಲವಂತೆ. ಆ ದಿನದಿಂದ ಹಿಂಡು ನಿನ್ನ ಕೂಗಿಗೆ ಬರುತ್ತಿಲ್ಲ. ನಿನ್ನ ಬಾಯಿಂದ ಬಂದರೂ ಬರುತ್ತಿಲ್ಲ. ಕೂಗಿದರೆ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತವಂತೆ. ಹೊತ್ತು ಮುಳುಗುವಾಗ ಒಂದೊಂದನ್ನೇ ಕೋಲು ಹಿಡಿದು ಸುತ್ತುಗಟ್ಟಿ ತರುತ್ತೀಯಂತೆ. ಅದನ್ನು ನೀನು ನನಗೆ ಆರೋಗ್ಯ ಎಂದು ಬರೆದಿ.

"ನಿನ್ನ ಕಾಕಾ ಹೊಲದಾಗ ಬಾಯಿ ತೆಗೀತಾನ, ಮತ್ತ ಮುಚ್ಚತಾನ. ನನಗ ನೋಡಾಕ ಆಗವಲ್ದವ್ವ" ಅಂದಳು ಕಾಕು.

ಇಷ್ಟು ದಿನ ನೀನು ನನಗೆ ಮೂಗು, ಶಾಲು, ಚಹಾ ಬರೆಯುತ್ತಿದ್ದಿ. ಇದನ್ನು ಬರೆದಿದ್ದರೆ? ನಾನು ಕೇಳುತ್ತಿರಲಿಲ್ಲ ಅಂದುಕೊಂಡಿಯಾ? ಇರಬಹುದು. ಕೇಳುತ್ತಿರಲಿಲ್ಲವೇನೋ.

ಆದರೆ ಎಲ್ಲ ತಪ್ಪನ್ನೂ ನನ್ನ ತಲೆಗೆ ಕಟ್ಟಬೇಡ. ಮೈಕು ಹಿಡಿದ ದಿನ ನಾನು ಒಂದು ಸಲ ಕೂಗು ಅಂದೆ. ನೀನು ಒಂದಕ್ಕೆ ನಿಂತೆಯಾ? "ಇದು ಸಣ್ಣದಾತು, ಇನ್ನೊಮ್ಮಿ ಹಿಡಿ. ಈಗ ನೋಡು ಜಬರ್ದಸ್ತ್ ಬರ್ತದ" ಅನ್ನುತ್ತ ಮತ್ತೆ ಮತ್ತೆ ಕೂಗಿದಿ. ಕುರಿ ಮೂರು ಸಲ ಬಂದು ಬರಿಗೈ ಮೂಸಿ ಹೋದವು. ಕೆಂಚಿಯೂ ಬಂದಿತ್ತು. ನನಗೆ ಗೊತ್ತಿತ್ತು, ನಿನಗೂ ಗೊತ್ತಿತ್ತು. ಮೈಕು ಎದುರಿಗಿತ್ತು, ಇಬ್ಬರೂ ಸುಮ್ಮನಿದ್ದೆವು.

ಕೂಗು ತೆಗೆಸುತ್ತೇನೆ. ಡೈರೆಕ್ಟರ ಜೊತೆ ಜಗಳಾಡಿ ಬಂದೆ. ಬೇರೆ ಯಾರ ಧ್ವನಿಯನ್ನೂ ಅಲ್ಲಿ ಹಾಕುವುದಿಲ್ಲ. ಹುಡುಗಿ ಬಂಡೆಯ ಮೇಲೆ ಬಾಯಿ ತೆರೆಯುತ್ತಾಳೆ, ಸದ್ದು ಬರುವುದಿಲ್ಲ. ಕುರಿಗಳು ನಿಂತಲ್ಲೇ ನಿಲ್ಲುತ್ತವೆ. ಅಷ್ಟಕ್ಕೆ ಮುಗಿಯುತ್ತದೆ. ಸ್ಪರ್ಧೆಯಲ್ಲಿ ಗೆಲ್ಲುವುದಿಲ್ಲ, ಆಗಲಿ. ನಿನ್ನ ಸಹಿ ಬೇಕಿಲ್ಲ.

ಕಲ್ಪನಾ

*

ಶಿರವಾಳ
4-5-2025

ಕಲ್ಪನಾ,

ತಡವಾಯಿತು. ಬರೆಯಲು ಪೆನ್ನಿರಲಿಲ್ಲ ಎಂದುಕೋ.

ಮೊದಲು ನಿನ್ನ ಲೆಕ್ಕ. ಆ ದಿನ ನಾನು ಮತ್ತೆ ಮತ್ತೆ ಕೂಗಿದ್ದು ನನಗೆ ನೆನಪಿಲ್ಲ. ನೆನಪಿದ್ದರೂ ನಿನಗೆ ಹೇಳುವುದಿಲ್ಲ.

ಈಗ ಕಡೆಯ ಭಾಗ. ಸದ್ದಿಲ್ಲದೆ ಮಾಡುತ್ತೀಯಾ? ಸಾಯಿಸಿದ್ದು ಸಾಲದೆಂದು ಈಗ ಮೂಕನನ್ನೂ ಮಾಡುತ್ತೀಯಾ? ಹೊರದೇಶದ ಮಂದಿ ನೋಡಿ, ಹಣಮಂತ್ರಾಯನ ಮನೆಯ ಹುಡುಗಿ ಬಾಯಿ ತೆರೆದರೆ ಕುರಿ ಬರಲಿಲ್ಲ ಎಂದು ಹೋಗಬೇಕಾ? ಹೊಲದಲ್ಲಿ ಅದನ್ನು ನೋಡುವುದು ನಿನ್ನ ಕಾಕುಗೇ ಆಗಲಿಲ್ಲ. ಅದನ್ನು ಅಷ್ಟು ದೊಡ್ಡ ಪರದೆಯ ಮೇಲೆ ಹಾಕುತ್ತೀಯಾ?

ಇಟ್ಟುಕೋ ಆ ಕೂಗು. ಸತ್ತ ಕುರಿಯನ್ನು ನಾವು ಏನು ಮಾಡುತ್ತೇವೆ ಎಂದು ಮರೆತಿಯಾ? ಚರ್ಮ ಡೊಳ್ಳಿಗೆ ಹೋಗುತ್ತದೆ. ಬದುಕಿದ್ದಾಗ ಬ್ಯಾ ಎಂದಿದ್ದು ಸತ್ತ ಮೇಲೆ ಊರು ಎಬ್ಬಿಸುತ್ತದೆ. ನಮ್ಮ ಅಜ್ಜನ ಕೂಗು ಸತ್ತಿದೆ. ನನ್ನ ಹೊಲದಲ್ಲಿ ಅದಕ್ಕೆ ಕೆಲಸವಿಲ್ಲ. ನೀನು ಬಾರಿಸಿಕೋ.

ಸಹಿ ಮಾಡಿದ್ದೇನೆ. 'ಸ್ವಂತ ಇಚ್ಛೆಯಿಂದ' ಎಂಬುದನ್ನು ಹೊಡೆದು 'ಸಿಟ್ಟಿನಿಂದ' ಎಂದು ತಿದ್ದಿದ್ದೇನೆ. ಮಾಸ್ತರರು ಹಾಗೆ ನಡೆಯುವುದಿಲ್ಲ ಎಂದರು. ನಡೆಯದಿದ್ದರೆ ಇನ್ನೊಂದು ಹಾಳೆ ಕಳಿಸು, ವಿಚಾರ ಮಾಡೋಣ.

ಆದರೆ ಪುಕ್ಕಟೆ ಅಲ್ಲ. ಕಡೆಯಲ್ಲಿ ನನ್ನ ಹೆಸರು ಬರುತ್ತದಲ್ಲ, ಅದರ ಕೆಳಗೆ ಇಷ್ಟು ಹಾಕಬೇಕು, ಎಲ್ಲ ಭಾಷೆಯಲ್ಲೂ:

'ಈ ಕೂಗು ಈಗ ಶಿರವಾಳದ ಯಾವ ಕುರಿಗೂ ನಡೆಯುವುದಿಲ್ಲ. ಯಾರೂ ಕೂಗಿ ನೋಡಬಾರದು.'

ಹೊಸ ಕೂಗು ಕಟ್ಟಿದ್ದೇನೆ. ಮೊದಲಿನದಕ್ಕಿಂತ ಜೋರು. ಈ ವರ್ಷ ಹುಟ್ಟಿದ ಮರಿಗಳಿಗೆ ಮಾತ್ರ ಹೇಳಿಕೊಡುತ್ತಿದ್ದೇನೆ. ಪ್ರತಿ ಸಲವೂ ಮುಷ್ಟಿಯಲ್ಲಿ ಜೋಳ. ಮನೆಯ ಜೋಳವೆಲ್ಲ ಮರಿಗಳ ಹೊಟ್ಟೆಗೆ ಹೋಗುತ್ತಿದೆ, ನಾವು ಅನ್ನ ಉಣ್ಣುತ್ತಿದ್ದೇವೆ. ಹಳೆಯ ಕುರಿಗಳು ದೂರ ನಿಂತು ನೋಡುತ್ತವೆ. ಅವು ಇನ್ನು ನಂಬುವುದಿಲ್ಲ. ಅವುಗಳ ಹಿಂದೆ ನಾನು ಓಡುತ್ತೇನೆ. ಓಡಬೇಕು.

ಹೊಸ ಕೂಗು ಹೇಗಿದೆ ಎಂದು ಕೇಳಬೇಡ. ಕಾಗದದ ಮೇಲೂ ಬರೆಯುವುದಿಲ್ಲ.

ಹಣಮಂತ್ರಾಯ

*

ಹೈದರಾಬಾದ್
17-8-2025

ಕಾಕಾ,

'ಸಿಟ್ಟಿನಿಂದ' ಎಂದು ತಿದ್ದಿದ ಹಾಳೆಯೇ ನಡೆಯಿತು. ನಿನ್ನ ಸಾಲು ಹಾಕಿಸಿದೆ. ಡೈರೆಕ್ಟರು ಬೇಡ ಅಂದರು. ಹಾಕದಿದ್ದರೆ ನನ್ನ ಹೆಸರನ್ನೂ ತೆಗೆಯಿರಿ ಎಂದೆ.

ಪ್ರಶಸ್ತಿ ಬಂತು. ದೊಡ್ಡದಲ್ಲ, ಎರಡನೆಯದು. ಕೂಗು ಬಂದಾಗ ಅಲ್ಲಿಯೂ ಎಲ್ಲರೂ ಉಸಿರು ಹಿಡಿದರು. ಆಮೇಲೆ ಹೆಸರುಗಳು ಬಂದವು, ನಿನ್ನ ಸಾಲು ಬಂತು. ಸಭೆ ತುಂಬ ನಗೆ. ತಮಾಷೆ ಅಂದುಕೊಂಡರು. ನನ್ನ ಪಕ್ಕದಲ್ಲಿ ಒಬ್ಬ ಮುದುಕಿ ಕೂತಿದ್ದಳು, ಯಾವ ದೇಶದವಳೋ. ಅವಳು ನಗಲಿಲ್ಲ. ತಮ್ಮ ಊರಿನಲ್ಲೂ ಕುರಿ ಇವೆ ಎಂದಳು. ಯಾಕೆ ನಡೆಯುವುದಿಲ್ಲ ಎಂದು ಕೇಳಿದಳು.

ಪ್ರಶಸ್ತಿಯ ಫೋಟೋ ಕಳಿಸುವುದಿಲ್ಲ. ನೀನು ವಾಪಸು ಕಳಿಸುತ್ತಿ.

ಕಾಕು ಮತ್ತೆ ಫೋನ್ ಮಾಡಿದ್ದಳು. ಹೊಸ ಕೂಗು ನೀನು ಕಟ್ಟಿದ್ದಲ್ಲವಂತೆ, ಅವಳದಂತೆ. ತಾಯಿ ಸತ್ತ ಮರಿಗಳಿಗೆ ಅವಳು ಬಾಟಲಿಯಲ್ಲಿ ಹಾಲು ಕುಡಿಸುವಾಗ ಕರೆಯುತ್ತಿದ್ದದ್ದೇ ಅದಂತೆ. ನೀನು ಒಂದು ವಾರ ಬಾಗಿಲ ಮರೆಯಲ್ಲಿ ನಿಂತು ಕಲಿತಿಯಂತೆ.

"ಹೆಣ್ಮಕ್ಕಳಿಗಿ ಕೂಗು ಕೊಡಂಗಿಲ್ಲಂತಿದ್ದ. ಈಗ ಹೆಣ್ಮಕ್ಕಳ ಕಡಿಂದs ಕದ್ದಾನ ನೋಡವ್ವ" ಎಂದು ಬಹಳ ಹೊತ್ತು ನಕ್ಕಳು.

ಮುಂದಿನ ತಿಂಗಳು ಏಳಕ್ಕೆ, ರವಿವಾರ ಬರುತ್ತೇನೆ. ಬಾಗಿಲು ತೆರೆಯುವುದು ಬಿಡುವುದು ನಿನಗೆ ಬಿಟ್ಟದ್ದು.

ಕಲ್ಪನಾ

*

ಶಿರವಾಳ
31-8-2025

ಕಲ್ಪನಾ,

ನಿನ್ನ ಕಾಕುವಿನ ಮಾತು ನಂಬಬೇಡ. ಕೂಗಿನ ಮೊದಲ ಅರ್ಧ ಅವಳದು. ಕಡೆಯ ಅರ್ಧ ನನ್ನದು. ಮರಿ ಬರುವುದು ಕಡೆಯ ಅರ್ಧಕ್ಕೆ.

ಎರಡನೆಯ ಪ್ರಶಸ್ತಿಯಂತೆ! ಆ ಕುರಿಗಳು ಒಂದೆರಡು ಹಿಕ್ಕಿ ಹಾಕಿದ್ದರೆ ಮೊದಲನೆಯದೇ ಬರುತ್ತಿತ್ತು. ಹೇಳಿದ್ದೆ, ಕೇಳಲಿಲ್ಲ.

ಬರುವುದಿದ್ದರೆ ನನ್ನ ಕಾಯಿದೆ ಕೇಳಿಕೊಂಡು ಬಾ. ಯಾದಗಿರಿಯಲ್ಲಿ ರೈಲು ಇಳಿದು ಶಹಾಪುರಕ್ಕೆ ಬಸ್ಸು ಹಿಡಿ. ಅಲ್ಲಿಂದ ಮೌನೇಶನ ಟಂಟಂ ಹತ್ತು, ನಾನಿನ್ನೂ ಅವನ ಸಂಗಡ ಮಾತಾಡುತ್ತಿಲ್ಲ, ನೀನು ಮಾತಾಡಿದರೆ ಅಡ್ಡಿಯಿಲ್ಲ. ಊರ ಬಾಗಿಲಲ್ಲಿ ಅಮೀನಸಾಬನ ಅಂಗಡಿಯಿದೆ. ನಿನ್ನ ಫೋನು ಅಲ್ಲಿ ಬಿಟ್ಟು ಬಾ. ಆ ಬೆಕ್ಕಿನ ಬಾಲವನ್ನೂ ಬಿಟ್ಟು ಬಾ. ಅಮೀನಸಾಬನಿಗೆ ಹೇಳಿಟ್ಟಿದ್ದೇನೆ, ಕಿಸೆ ಮುಟ್ಟಿ ನೋಡುತ್ತಾಳೆ ಅವನ ಹೆಂಡತಿ ಕುಬ್ರಾಬೇಗಂ. ಕಾಗದ, ಪೆನ್ಸಿಲ್ ಸಹ ಬೇಡ. ನನ್ನ ಮೂಗು ನಿನಗೆ ಬಾಯಿಪಾಠವಾಗಿದೆ.

ಮನೆಗೆ ಬರಬೇಡ, ಸೀದಾ ಹೊಲಕ್ಕೆ ಬಾ. ಬಂಡೆ ಹತ್ತಬೇಡ, ಕೆಳಗೆ ನಿಲ್ಲು. ಬರಿಗೈಯಲ್ಲಿ ಬಂದರೆ ಕಾಲು ಮುರಿಯುತ್ತೇನೆ. ಎರಡೂ ಮುಷ್ಟಿ ತುಂಬ ಜೋಳ ಹಿಡಿದುಕೊಂಡು ಬಾ.

ನಾನು ಕೂಗುವಾಗ ಬಾಯಿ ಮುಚ್ಚಿಕೊಂಡು ನಿಲ್ಲಬೇಕು.

ಕಿವಿ ಮುಚ್ಚಿಕೊಳ್ಳಬೇಡ.

ಹಣಮಂತ್ರಾಯ